ಎಲ್ಲರೂ ಸೇರಿಕೊಂಡುಬಿಟ್ಟಿದ್ದಾರಾ?

ಪ್ರಶ್ನೆ: ನನಗೆ 42 ವರ್ಷ. ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸಂಬಳ ವರ್ಷಕ್ಕೊಮ್ಮೆ ಒಂಚೂರು ಏರುತ್ತದೆ. ಬಾಡಿಗೆ, ಮಕ್ಕಳ ಫೀಸು, ಕರೆಂಟ್ ಬಿಲ್ಲು, ಆಸ್ಪತ್ರೆ ಖರ್ಚು ಯಾವಾಗ ಬೇಕಾದರೂ ಏರುತ್ತವೆ. ಹಣದುಬ್ಬರ ಇಳಿದಿದೆ ಎಂದು ಸುದ್ದಿಯಲ್ಲಿ ಹೇಳುತ್ತಾರೆ, ನಮ್ಮ ಮನೆಯಲ್ಲಿ ಅದು ಕಾಣುತ್ತಿಲ್ಲ. ಒಂದು ದಾಖಲೆ ತಿದ್ದಿಸಲು ತಿಂಗಳುಗಟ್ಟಲೆ ಸರ್ಕಾರಿ ಕಚೇರಿಗೆ ಅಲೆಯುತ್ತಿದ್ದೇನೆ. ದೊಡ್ಡ ಕಂಪನಿಗಳಿಗೆ ಬೇಕಾದ ನಿಯಮ ಮಾತ್ರ ರಾತ್ರೋರಾತ್ರಿ ಆಗಿಬಿಡುತ್ತದೆ. ಎಲ್ಲರೂ ಸೇರಿಕೊಂಡು ನಮ್ಮನ್ನು ಹಿಂಡುತ್ತಿದ್ದಾರೆ ಅನ್ನಿಸುತ್ತದೆ. ಹೋದ ಸಲ ವೋಟೂ ಹಾಕಲಿಲ್ಲ. ಬೀದಿಗಿಳಿಯಬೇಕಾ, ಆ ಕಂಪನಿಗಳ ಸಾಮಾನು ಕೊಳ್ಳುವುದನ್ನು ಬಿಡಬೇಕಾ, ಇಲ್ಲ ಸುಮ್ನೆ ನನ್ನ ಪಾಡಿಗೆ ನಾನಿರಬೇಕಾ? ಗೆಳೆಯನೊಬ್ಬ ಆನ್‌ಲೈನ್ ಟ್ರೇಡಿಂಗ್ ಗ್ರೂಪಿಗೆ ಸೇರು, ಇದೊಂದೇ ದಾರಿ ಅಂತಾನೆ. ನಿಮಗೇನನ್ನಿಸುತ್ತದೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಸಿಟ್ಟು ಗಂಟು ಹಾಕಿಕೊಂಡಿವೆ. ದುಡ್ಡು ಸಾಲುತ್ತಿಲ್ಲ. ಕಚೇರಿಯಲ್ಲಿ ಕೆಲಸ ಆಗುತ್ತಿಲ್ಲ. ಕಂಪನಿಗಳ ಮಾತು ಮಾತ್ರ ನಡೆಯುತ್ತದೆ. ಮೂರೂ ನಿಜ. ಆದರೆ ಮೂರಕ್ಕೂ ಕಾರಣ ಬೇರೆ ಬೇರೆ. ಒಂದೇ ಕೈ ಇದನ್ನೆಲ್ಲ ಆಡಿಸುತ್ತಿದೆ ಎಂದುಕೊಂಡರೆ ಆ ಕೈಯನ್ನು ಹುಡುಕುವುದರಲ್ಲೇ ಆಯುಷ್ಯ ಕಳೆಯುತ್ತದೆ. ನಾನು ಸಾರ್ವಜನಿಕ ಸೇವೆಗಳ ದರ ಮತ್ತು ನಿಯಮ ತಯಾರಾಗುವ ಕಡೆ ಬಹಳ ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಕಂಡದ್ದನ್ನು ಮುಂದಿಟ್ಟುಕೊಂಡೇ ಹೇಳುತ್ತೇನೆ.

ಮೊದಲು ಜೇಬಿನ ವಿಷಯ. ಹಣದುಬ್ಬರ ಇಳಿದಿದೆ ಎಂದರೆ ಬೆಲೆ ಇಳಿದಿದೆ ಎಂದಲ್ಲ. ಬೆಲೆ ಏರುವ ವೇಗ ಇಳಿದಿದೆ, ಅಷ್ಟೇ. 100ಕ್ಕೆ ಸಿಗುತ್ತಿದ್ದ ವಸ್ತು ಒಂದು ವರ್ಷ ಶೇ 10ರಷ್ಟು ಏರಿ 110 ಆಯಿತು ಅನ್ನಿ. ಮರುವರ್ಷ ಏರಿಕೆ ಶೇ 3ಕ್ಕೆ ಇಳಿಯಿತು. ಸುದ್ದಿಯಲ್ಲಿ ಬರುವುದು ಈ 3. ನೀವು ಅಂಗಡಿಯಲ್ಲಿ ಕೊಡುವುದು 113ಕ್ಕಿಂತ ಜಾಸ್ತಿ. ಸಂಬಳ ಎರಡೂ ವರ್ಷ ಶೇ 4ರಂತೆ ಏರಿದ್ದರೆ ಅದು 108ರ ಹತ್ತಿರ ನಿಂತಿರುತ್ತದೆ. ಆ ಐದರ ಕೊರತೆ ತಾನಾಗಿ ತುಂಬುವುದಿಲ್ಲ. ಸಂಬಳ ಬೆಲೆಗಿಂತ ವೇಗವಾಗಿ ಏರುವ ಒಂದೆರಡು ವರ್ಷ ಬಂದರೆ ಮಾತ್ರ ತುಂಬುತ್ತದೆ. ಹಾಗಾಗಿ ಸರ್ಕಾರದ ಅಂಕಿಯೂ ಸರಿ, ನಿಮ್ಮ ಗೋಳೂ ಸರಿ.

ಜೊತೆಗೆ, ಆ ಅಂಕಿ ಎಲ್ಲರ ಖರ್ಚಿನ ಸರಾಸರಿ. ಫೋನು, ಟಿವಿ ಅಗ್ಗವಾಗಿ ಬಾಡಿಗೆ, ಊಟ ದುಬಾರಿಯಾದರೂ ಸರಾಸರಿ ಹದವಾಗಿಯೇ ಕಾಣುತ್ತದೆ. ಆದಾಯ ಕಮ್ಮಿ ಇದ್ದವರ ದುಡ್ಡಿನಲ್ಲಿ ದೊಡ್ಡ ಪಾಲು ಹೋಗುವುದೇ ಊಟ, ಬಾಡಿಗೆ, ಕರೆಂಟಿಗೆ. ಅವರ ಮನೆಯ ಹಣದುಬ್ಬರ ಎಷ್ಟೋ ಸಲ ಸರಾಸರಿಗಿಂತ ಮೇಲಿರುತ್ತದೆ. ನೀವು ಲೆಕ್ಕ ಬಲ್ಲವರು. ಹಿಂದಿನ ಎರಡು ವರ್ಷದ ನಿಮ್ಮ ಖರ್ಚನ್ನೇ ಒಂದು ಹಾಳೆಯಲ್ಲಿ ಬರೆದು ನೋಡಿ, ನಿಮ್ಮದೇ ಅಂಕಿ ಸಿಗುತ್ತದೆ. ಸಂಬಳದ ಮಾತು ಎತ್ತುವಾಗ ಅದೇ ಕೈಯಲ್ಲಿರಬೇಕಾದದ್ದು.

‘ಕಂಪನಿಗಳ ದುರಾಸೆಯಿಂದಲೇ ಬೆಲೆ ಏರಿತು’ ಅನ್ನುವ ಮಾತು ಎಲ್ಲ ಕಡೆ ಕೇಳುತ್ತದೆ. ಅರ್ಧ ಸತ್ಯ. 2022ರ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ 9.1 ಮುಟ್ಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಯೂರೋ ಬಳಸುವ ದೇಶಗಳಲ್ಲಿ ಶೇ 10.6. ಕೋವಿಡ್ ನಂತರ ಸರಕು ಸಾಗಣೆ ಕೈಕೊಟ್ಟಿತ್ತು. ಉಕ್ರೇನ್ ಯುದ್ಧ ತೈಲ, ಅನಿಲ, ಗೋಧಿಯ ಬೆಲೆ ಏರಿಸಿತ್ತು. ಸರ್ಕಾರಗಳು ಹಂಚಿದ ದುಡ್ಡೂ ಮಾರುಕಟ್ಟೆಯಲ್ಲಿತ್ತು. ಹಾಗಂತ ಕಂಪನಿಗಳಿಗೆ ಇದರಲ್ಲಿ ಪಾತ್ರವೇ ಇಲ್ಲ ಅನ್ನುವ ಹಾಗೂ ಇಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅರ್ಥಶಾಸ್ತ್ರಜ್ಞರೇ 2023ರಲ್ಲಿ ಲೆಕ್ಕ ಹಾಕಿ, ಯುರೋಪಿನ ಆ ಏರಿಕೆಯಲ್ಲಿ ಹೆಚ್ಚುಕಮ್ಮಿ ಅರ್ಧ ಪಾಲು ಕಂಪನಿಗಳ ಲಾಭದ ಹೆಚ್ಚಳದ್ದು ಎಂದರು. ದುರಾಸೆ 2022ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಎಲ್ಲದರ ಬೆಲೆಯೂ ಏರುತ್ತಿರುವಾಗ ಇನ್ನೊಂದು ಮೆಟ್ಟಿಲು ಜಾಸ್ತಿ ಏರಿಸಿದರೆ ಗಿರಾಕಿಗೆ ಗೊತ್ತಾಗುವುದಿಲ್ಲ. ಪೈಪೋಟಿ ಕೊಡುವವರು ಇಬ್ಬರು ಮೂವರೇ ಇದ್ದರಂತೂ ಕೇಳುವವರೇ ಇಲ್ಲ. ಅಂದರೆ ಇಲ್ಲಿ ಕೇಳಬೇಕಾದದ್ದು ಯಾರಿಗೆ ಎಷ್ಟು ಆಸೆ ಅಂತಲ್ಲ, ಆ ಆಸೆಗೆ ಅಡ್ಡ ನಿಲ್ಲುವವರು ಎಷ್ಟು ಜನ ಅಂತ.

ಈಗ ನಿಮ್ಮ ದೊಡ್ಡ ಅನುಮಾನ. ಎಲ್ಲರೂ ಸೇರಿಕೊಂಡಿದ್ದಾರಾ? ಲಂಚ ಇದೆ, ಒಳಒಪ್ಪಂದಗಳೂ ಇವೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಾನು ಕಂಡ ಹೆಚ್ಚಿನ ಕಡೆ ಕಂಪನಿಗಳು ಗೆದ್ದದ್ದು ಗುಟ್ಟಾಗಿ ಅಲ್ಲ. ಎಲ್ಲರಿಗೂ ಬಾಗಿಲು ತೆರೆದಿದ್ದ ಕೋಣೆಯಲ್ಲಿ, ಹಗಲು ಹೊತ್ತಿನಲ್ಲಿ, ಎದುರಾಳಿಯೇ ಬಾರದ ಆಟದಲ್ಲಿ ಗೆದ್ದರು.

ಕರೆಂಟ್ ದರದ ವಿಚಾರಣೆ ನಡೆಯುತ್ತದೆ ಅನ್ನಿ. ಕಂಪನಿ ಕಡೆಯಿಂದ ವಕೀಲರು, ಲೆಕ್ಕಿಗರು, ಎಂಜಿನಿಯರ್‌ಗಳು ದಪ್ಪ ದಪ್ಪ ಫೈಲು ಹೊತ್ತು ಬಂದಿರುತ್ತಾರೆ. ದೊಡ್ಡ ಕಾರ್ಖಾನೆಗಳ ಸಂಘದವರೂ ಬಂದಿರುತ್ತಾರೆ. ಸಾರ್ವಜನಿಕರಿಗೆ ಎಂದು ಹಾಕಿದ ಕುರ್ಚಿಗಳಲ್ಲಿ ಒಬ್ಬರೋ ಇಬ್ಬರೋ. ಅವರೂ ತಮ್ಮ ಮನೆಯ ಮೀಟರ್ ಕೆಟ್ಟಿದ್ದನ್ನು ಹೇಳಿಕೊಂಡು ಊಟದ ಹೊತ್ತಿಗೆ ಎದ್ದು ಹೋಗುತ್ತಾರೆ. ಮಧ್ಯಾಹ್ನದ ಮೇಲೆ ಕೊನೆಯ ಪುಟಗಳ ಕೋಷ್ಟಕ ಚರ್ಚೆಗೆ ಬರುತ್ತದೆ. ಅಸಲಿ ವಿಷಯ ಇರುವುದೇ ಅಲ್ಲಿ.

ಒಂದು ಲೆಕ್ಕ ಕೊಡುತ್ತೇನೆ, ಅಂಕಿಗಳು ತಿಳಿಯಲಿಕ್ಕೆ ಮಾತ್ರ. ತಿಂಗಳಿಗೆ ನಿಗದಿತ ಶುಲ್ಕ 50, ಯೂನಿಟ್‌ಗೆ 5 ಇದೆ. 40 ಯೂನಿಟ್ ಸುಡುವ ಮನೆಗೆ 250 ಬಿಲ್ಲು, 400 ಯೂನಿಟ್ ಸುಡುವ ಮನೆಗೆ 2,050. ಈಗ ನಿಗದಿತ ಶುಲ್ಕವನ್ನು 110ಕ್ಕೆ ಏರಿಸಿ ಯೂನಿಟ್ ದರವನ್ನು 4.70ಕ್ಕೆ ಇಳಿಸುತ್ತಾರೆ. ಮರುದಿನ ಎಲ್ಲರ ಬಾಯಲ್ಲೂ ‘ಕರೆಂಟ್ ದರ ಇಳಿಯಿತು’ ಅನ್ನುವ ಸುದ್ದಿ. ಚಿಕ್ಕ ಮನೆಯ ಬಿಲ್ಲು 298 ಆಗಿರುತ್ತದೆ, ದೊಡ್ಡ ಮನೆಯದು 1,990. ಒಬ್ಬರಿಗೆ ಶೇ 19ರಷ್ಟು ಏರಿತು, ಇನ್ನೊಬ್ಬರಿಗೆ ಸುಮಾರು ಶೇ 3ರಷ್ಟು ಇಳಿಯಿತು. ಇದರಲ್ಲಿ ಲಂಚ ಇಲ್ಲ, ಕದ್ದುಮುಚ್ಚಿ ಮಾಡಿದ್ದೂ ಇಲ್ಲ. ಕಂಪನಿಯ ವಾದದಲ್ಲಿ ತಿರುಳೂ ಇದೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳ ಖರ್ಚು ನೀವು ಎಷ್ಟು ಯೂನಿಟ್ ಸುಟ್ಟರೂ ಬಹುಪಾಲು ಅಷ್ಟೇ ಇರುತ್ತದೆ. ಆದರೆ ಆ ಖರ್ಚನ್ನು ಯಾರ ಮೇಲೆ ಎಷ್ಟು ಹಾಕಬೇಕು ಎಂಬ ಪ್ರಶ್ನೆಗೆ 40 ಯೂನಿಟ್ ಮನೆಯ ಪರವಾಗಿ ಉತ್ತರ ಕೊಡುವವರು ಆ ಕೋಣೆಯಲ್ಲಿ ಇರಲಿಲ್ಲ, ಅಲ್ವಾ?

ಯಾಕೆ ಇರಲಿಲ್ಲ? ಸೋಮಾರಿತನದಿಂದ ಅಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಮ್ಯಾನ್ಕರ್ ಓಲ್ಸನ್ 1965ರಲ್ಲೇ ಇದನ್ನು ವಿವರಿಸಿದ್ದರು. ಲಾಭ ಕೆಲವರಿಗೆ ರಾಶಿ ರಾಶಿ ಸಿಗುತ್ತದೆ, ನಷ್ಟ ಕೋಟಿ ಜನರಿಗೆ ಚೂರುಚೂರಾಗಿ ಹಂಚಿಹೋಗುತ್ತದೆ. ತಿಂಗಳಿಗೆ 48ರ ಸಲುವಾಗಿ ನೀವು ಒಂದು ದಿನದ ಸಂಬಳ ಬಿಟ್ಟು ವಿಚಾರಣೆಗೆ ಹೋಗುವುದಿಲ್ಲ, ಹೋಗದಿರುವುದೇ ಲೆಕ್ಕಕ್ಕೆ ಸರಿ. ಆ ಕಡೆಯವರಿಗೆ ಅದು ಕೋಟಿಗಟ್ಟಲೆ ದುಡ್ಡಿನ ಮಾತು. ಅವರು ಅದಕ್ಕೆಂದೇ ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡಿರುತ್ತಾರೆ. 1971ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಉದ್ಯಮವನ್ನು ಹಿಡಿತದಲ್ಲಿಡಲು ಬಂದ ಕಾವಲು ಸಂಸ್ಥೆ ಅದೇ ಉದ್ಯಮದ ಕೈವಶವಾಗುವುದು ಸಾಮಾನ್ಯ ಎಂದರು.

ಕೈವಶ ಆಗಲು ದುಡ್ಡೇ ಬೇಕೆಂದಿಲ್ಲ. ಕಾವಲು ಸಂಸ್ಥೆಗೆ ಬೇಕಾದ ಮಾಹಿತಿ, ತಜ್ಞರು ಎಲ್ಲ ಇರುವುದು ಕಂಪನಿಯ ಹತ್ತಿರವೇ. ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಪರಿಶೀಲನೆಯಲ್ಲಿ ಅಮೆರಿಕದ ವಿಮಾನಯಾನ ಕಾವಲು ಸಂಸ್ಥೆ ಬಹಳಷ್ಟು ಕೆಲಸವನ್ನು ಕಂಪನಿಯ ನೌಕರರಿಗೇ ವಹಿಸಿತ್ತು. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನಲ್ಲಿ ಎರಡು ವಿಮಾನ ಬಿದ್ದು 346 ಜನ ಸತ್ತರು. ಇನ್ನು ಕಾವಲು ಸಂಸ್ಥೆಯಲ್ಲಿದ್ದವರು ನಿವೃತ್ತಿಯಾಗುತ್ತಲೇ ಅದೇ ಉದ್ಯಮದಲ್ಲಿ ಸಲಹೆಗಾರರಾಗುವುದು ಎಲ್ಲ ದೇಶಗಳಲ್ಲೂ ಉಂಟು. ನಾಳೆ ಕೆಲಸ ಕೊಡುವವರ ಮೇಲೆ ಇವತ್ತು ಬಿಗಿ ಹಿಡಿಯಲು ಕೈ ಬರುವುದಿಲ್ಲ. ಮೇಲಿಂದ ಚುನಾವಣೆಯ ದುಡ್ಡು. ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ ಕಂಪನಿಗಳು ಚುನಾವಣಾ ಪ್ರಚಾರಕ್ಕೆ ಸ್ವತಂತ್ರವಾಗಿ ಎಷ್ಟು ಬೇಕಾದರೂ ಖರ್ಚು ಮಾಡಬಹುದು ಎಂದಿತು. ಭಾರತದ ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು, ಹೆಸರು ಬಯಲಾಗದಂತೆ ಪಕ್ಷಗಳಿಗೆ ದುಡ್ಡು ಕೊಡಲು ದಾರಿಯಾಗಿದ್ದ ಚುನಾವಣಾ ಬಾಂಡ್ ಯೋಜನೆಯನ್ನೇ ರದ್ದು ಮಾಡಿ, ಯಾರು ಕೊಂಡರು, ಯಾವ ಪಕ್ಷಕ್ಕೆ ಎಷ್ಟು ಬಂತು ಎಂಬುದನ್ನು ಬಯಲಿಗಿಡಿಸಿತು. ಪ್ರಕರಣಗಳು ಬೇರೆಯಾದರೂ ಚುನಾವಣೆಯ ದುಡ್ಡಿನ ವಿಷಯದಲ್ಲಿ ಎರಡು ಕೋರ್ಟುಗಳ ದಾರಿ ಬೇರೆ ಬೇರೆಯಾಯಿತು. ಅಂದರೆ ಇದ್ಯಾವುದೂ ಬದಲಾಗದ ಹಣೆಬರಹ ಅಲ್ಲ.

ನೀವು ಬರೆದ ‘ರಾತ್ರೋರಾತ್ರಿ’ ನಿಯಮದ ಬಗ್ಗೆಯೂ ಒಂದು ಮಾತು. ನಿಮಗೆ ಕಂಡದ್ದು ಆ ಒಂದು ರಾತ್ರಿ. ಅದರ ಕರಡು ಎರಡು ಮೂರು ವರ್ಷದಿಂದ ಯಾವುದೋ ಉದ್ಯಮ ಸಂಘದ ಕಂಪ್ಯೂಟರಿನಲ್ಲಿ ಸಿದ್ಧವಾಗಿರುತ್ತದೆ. ಅವಕಾಶ ಬಂದ ದಿನ ಮೇಜಿನ ಮೇಲಿಡುವುದಷ್ಟೇ ಬಾಕಿ. ಸರ್ಕಾರದಲ್ಲಿ ಇರುವವರಿಗೆ ಯಾವಾಗಲೂ ಸಮಯದ ಅಭಾವ. ಬರೆದು ತಂದುಕೊಟ್ಟವರ ಮಾತು ನಡೆಯುತ್ತದೆ.

ಹಾಗಾದರೆ ನಿಮ್ಮ ದಾಖಲೆಯ ಫೈಲು ಯಾಕೆ ಅಲುಗಾಡುತ್ತಿಲ್ಲ? ಇದಕ್ಕೂ ಆ ಕಂಪನಿಗಳಿಗೂ ಸಂಬಂಧವೇ ಇಲ್ಲ ಅನ್ನಬಹುದು. ಕೌಂಟರಿನಲ್ಲಿ ಕೂತವರಿಗೆ ಸಹಿ ಹಾಕಿ ತಪ್ಪಾದರೆ ತನಿಖೆ, ಸಹಿ ಹಾಕದೆ ಇಟ್ಟುಕೊಂಡರೆ ಏನೂ ಇಲ್ಲ. ಇಷ್ಟೇ ಗೊತ್ತಿದ್ದರೆ ಅರ್ಧ ಆಡಳಿತ ಅರ್ಥವಾದಂತೆ. ಪ್ರತಿ ಹಗರಣದ ನಂತರ ಒಂದು ಹೊಸ ಫಾರಂ, ಒಂದು ಹೊಸ ಸಹಿ ಸೇರಿಕೊಳ್ಳುತ್ತದೆ. ಹಳೆಯದನ್ನು ತೆಗೆದುಹಾಕುವ ಧೈರ್ಯ ಯಾರಿಗೂ ಇಲ್ಲ. ಹುದ್ದೆಗಳು ಖಾಲಿ, ಇದ್ದವರ ಮೇಲೆ ಮೂವರ ಕೆಲಸ. ಇದರ ನಡುವೆ ಕೈ ಬೆಚ್ಚಗೆ ಮಾಡಿದರೆ ಬೇಗ ಆಗುತ್ತದೆ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ವಿಳಂಬವೇ ಅವರ ಬಂಡವಾಳ. ಆಮೇಲೆ ‘ಸರ್ಕಾರಕ್ಕೆ ಆಗಲ್ಲ, ಗುತ್ತಿಗೆಗೆ ಕೊಡಿ’ ಎಂಬ ಕೂಗು ಏಳುತ್ತದೆ. ಗುತ್ತಿಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವುದೂ ಒಂದು ಮಿಥ್ಯೆ. ಬ್ರಿಟನ್ನಿನಲ್ಲಿ ಶಾಲೆ, ಆಸ್ಪತ್ರೆ, ಜೈಲುಗಳ ನೂರಾರು ಗುತ್ತಿಗೆ ಹಿಡಿದಿದ್ದ ಕರಿಲಿಯನ್ ಕಂಪನಿ 2018ರ ಜನವರಿಯಲ್ಲಿ ದಿವಾಳಿಯಾಯಿತು. ಆ ಕೆಲಸಗಳೆಲ್ಲ ನಿಲ್ಲದಂತೆ ಕೊನೆಗೆ ಸರ್ಕಾರವೇ ದುಡ್ಡು ಸುರಿಯಬೇಕಾಯಿತು. ಗುತ್ತಿಗೆ ಕೊಟ್ಟು ಕೊಟ್ಟು ಕೆಲಸ ಮಾಡುವುದನ್ನೇ ಮರೆತ ಸರ್ಕಾರಕ್ಕೆ, ಗುತ್ತಿಗೆದಾರ ಮಾಡಿದ್ದು ಸರಿಯಾ ಎಂದು ನೋಡಲೂ ಬರುವುದಿಲ್ಲ.

ಅಲೆದಾಟಕ್ಕೆ ನಾನು ಎಲ್ಲರಿಗೂ ಹೇಳುವುದು ಇಷ್ಟು. ಬಾಯಿಮಾತಿನ ಭೇಟಿ ನಿಲ್ಲಿಸಿ. ಅರ್ಜಿ ಯಾವ ದಿನ ಕೊಟ್ಟಿರಿ, ಸ್ವೀಕೃತಿ ಸಂಖ್ಯೆ ಏನು, ಯಾವ ದಾಖಲೆ ಕಮ್ಮಿ ಇದೆ ಎಂದು ಯಾರು ಹೇಳಿದರು, ಇಷ್ಟನ್ನು ಒಂದೇ ಪುಟದಲ್ಲಿ ಬರೆದು ಕೊಟ್ಟು ಸೀಲು ಹಾಕಿಸಿಕೊಳ್ಳಿ. ‘ಯಾವ ಕಾರಣಕ್ಕೆ ಬಾಕಿ ಇದೆ, ಈಗ ಯಾರ ಮೇಜಿನ ಮೇಲಿದೆ’ ಎಂದು ಲಿಖಿತವಾಗಿ ಕೇಳಿ. ಮಾಹಿತಿ ಹಕ್ಕಿನ ಕಾಯ್ದೆ ಇರುವ ಕಡೆ ಅದರಡಿಯೇ ಕೇಳಿ. ಆಗ ಸಹಿ ಹಾಕದೆ ಸುಮ್ಮನೆ ಇಟ್ಟುಕೊಳ್ಳುವುದೂ ಅಪಾಯದ ಕೆಲಸವಾಗುತ್ತದೆ. ಒಂದು ಎಚ್ಚರಿಕೆ: ಚಿಕ್ಕ ಕಚೇರಿಗಳಲ್ಲಿ ದೂರು ಕೊಟ್ಟವರನ್ನು ಇನ್ನಷ್ಟು ಸತಾಯಿಸುವುದುಂಟು. ಮೊದಲ ಪತ್ರದಲ್ಲಿ ಯಾರ ಮೇಲೂ ಆರೋಪ ಮಾಡಬೇಡಿ, ಪ್ರಶ್ನೆ ಮಾತ್ರ ಕೇಳಿ.

ಇನ್ನು ನೀವು ಕೇಳಿದ ದಾರಿಗಳು. ಟ್ರೇಡಿಂಗ್ ಗ್ರೂಪಿನಿಂದ ಶುರು ಮಾಡೋಣ, ಯಾಕೆಂದರೆ ಅದೇ ಎಲ್ಲಕ್ಕಿಂತ ತುರ್ತಿನದು. ಬೇಡ. ‘ವ್ಯವಸ್ಥೆ ನಿಮಗೆ ಮೋಸ ಮಾಡಿದೆ, ಶ್ರೀಮಂತರ ಗುಟ್ಟು ನಾವು ಹೇಳಿಕೊಡುತ್ತೇವೆ’ ಎನ್ನುವುದು ಇಂಥವರ ಹಳೆಯ ಮಾತು. ಸಿಟ್ಟು ಬಂದವರು ಬೇಗ ನಂಬುತ್ತಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಮೊದಲು ಸಣ್ಣ ಲಾಭ ತೋರಿಸುತ್ತಾರೆ. ದೊಡ್ಡ ಮೊತ್ತ ಹಾಕಿದ ಮೇಲೆ ದುಡ್ಡು ಹಿಂದಕ್ಕೆ ತೆಗೆಯಲು ‘ತೆರಿಗೆ’, ‘ಶುಲ್ಕ’ ಎಂದು ಮತ್ತೆ ಕೇಳುತ್ತಾರೆ. ನಿಮ್ಮ ಮೇಲೆ ಜಾಸ್ತಿ ಬಡ್ಡಿಯ ಸಾಲ ಇದ್ದರೆ ಕೈಗೆ ಬಂದ ಪ್ರತಿ ಉಳಿತಾಯವೂ ಮೊದಲು ಅದಕ್ಕೆ ಹೋಗಲಿ. ಆ ಬಡ್ಡಿಯನ್ನು ಮೀರಿಸುವ ಲಾಭವನ್ನು ಯಾವ ಗ್ರೂಪೂ ಖಾತ್ರಿಯಾಗಿ ಕೊಡಲಾರದು. ಸಂಬಳ ಏರಿಸಿ ಎಂದು ಒಬ್ಬರೇ ಕೇಳುವುದಕ್ಕಿಂತ ಜೊತೆಯವರು ಒಟ್ಟಾಗಿ, ಆ ಖರ್ಚಿನ ಹಾಳೆ ಹಿಡಿದು ಕೇಳುವುದು ವಾಸಿ. ಒಬ್ಬರನ್ನು ಗುರಿ ಮಾಡುವುದು ಸುಲಭ, ಹತ್ತು ಜನರನ್ನು ಕಷ್ಟ. ಆದರೂ ಅಪಾಯ ಇಲ್ಲವೆನ್ನಲಾರೆ. ಕೆಲಸಗಾರರ ಸಂಘವೇ ಇಲ್ಲದ ಕಡೆ ಮುಂದೆ ನಿಂತವರ ಹೆಸರು ನೆನಪಿಟ್ಟುಕೊಳ್ಳುತ್ತಾರೆ.

ಕೊಳ್ಳುವುದನ್ನು ಬಿಡುವ ವಿಷಯ. ‘ದೊಡ್ಡ ಕಂಪನಿ ಎಲ್ಲವನ್ನೂ ಬಿಡುತ್ತೇನೆ’ ಎಂದರೆ ಒಂದು ವಾರ ನಡೆಯುತ್ತದೆ. ಒಂದೇ ಕಂಪನಿ, ಒಂದೇ ಬೇಡಿಕೆ, ಬಹಳ ಜನ ಇದ್ದರೆ ಫಲ ಸಿಗುತ್ತದೆ. ತಾಯಿ ಹಾಲಿಗೆ ಬದಲಾಗಿ ಹಾಲಿನ ಪುಡಿ ಮಾರುವ ರೀತಿಯನ್ನು ವಿರೋಧಿಸಿ 1977ರಲ್ಲಿ ನೆಸ್ಲೆ ವಿರುದ್ಧ ಬಹಿಷ್ಕಾರ ಶುರುವಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಅಂಥ ಮಾರಾಟಕ್ಕೆ ನಿಯಮಾವಳಿ ಒಪ್ಪಿಕೊಂಡಿತು. ಬೇಡಿಕೆ ಏನೆಂದು ಒಂದು ಸಾಲಿನಲ್ಲಿ ಹೇಳಬಹುದಿತ್ತು, ಅದೇ ಅದರ ಬಲ.

ಬೀದಿಗಿಳಿಯುವುದು ಮೇಜಿನ ಮೇಲಿನ ಕಾಗದವನ್ನು ಹರಿಯಬಲ್ಲದು. ಹೊಸದನ್ನು ಬರೆಯುವ ಕೆಲಸ ಆಮೇಲೂ ಉಳಿದೇ ಇರುತ್ತದೆ. ಬೊಲಿವಿಯಾದ ಕೊಚಬಾಂಬ ನಗರದಲ್ಲಿ ನೀರು ಸರಬರಾಜನ್ನು ವಿದೇಶಿ ಪಾಲುದಾರರಿದ್ದ ಕಂಪನಿಗೆ ಕೊಟ್ಟರು, ದರ ಸಿಕ್ಕಾಪಟ್ಟೆ ಏರಿತು. ಜನ ನಗರವನ್ನೇ ಬಂದ್ ಮಾಡಿದರು. 2000ದ ಏಪ್ರಿಲ್‌ನಲ್ಲಿ ಗುತ್ತಿಗೆ ರದ್ದಾಯಿತು. ದೊಡ್ಡ ಗೆಲುವು. ಆದರೆ ನೀರಿನ ಸಂಸ್ಥೆ ಮತ್ತೆ ಸರ್ಕಾರದ ಕೈಗೆ ಬಂದ ಮೇಲೂ ನಗರದ ದಕ್ಷಿಣದ ಬಡ ಬಡಾವಣೆಗಳು ಎಷ್ಟೋ ವರ್ಷ ಟ್ಯಾಂಕರ್ ನೀರನ್ನೇ ಕಾಯಬೇಕಾಯಿತು. ಪೈಪು ಹಾಕುವುದಕ್ಕೆ ದುಡ್ಡು, ಎಂಜಿನಿಯರ್, ಲೆಕ್ಕ ಕೇಳುವವರು ಬೇಕಿತ್ತು. ಮೆರವಣಿಗೆಗೆ ಹೋಗಬೇಡಿ ಅನ್ನುತ್ತಿಲ್ಲ. ಹೋಗಿ. ಮರುದಿನ ಸಭೆಗೆ ಯಾರು ಹೋಗುತ್ತಾರೆ ಎಂದು ಅವತ್ತೇ ಕೇಳಿ.

ವೋಟು ಹಾಕದಿರುವುದನ್ನು ನೀವು ಪ್ರತಿಭಟನೆ ಅಂದುಕೊಂಡಿರಬಹುದು. ಆ ಕಡೆ ಅದು ಹಾಗೆ ಕಾಣುವುದಿಲ್ಲ. ಯಾರು ವೋಟು ಹಾಕುವುದಿಲ್ಲವೋ ಅವರ ಬೀದಿಗೆ ಯಾವ ಪಕ್ಷವೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅಷ್ಟೇ ಅದರ ಫಲ. ಇದಕ್ಕಿಂತ ಅಪಾಯದ ದಾರಿ ಇನ್ನೊಂದಿದೆ. ‘ಎಲ್ಲರೂ ಕಳ್ಳರು, ನಾನೊಬ್ಬನೇ ಬಂದು ಎಲ್ಲ ಒಡೆದುಹಾಕುತ್ತೇನೆ’ ಎನ್ನುವವರ ಹಿಂದೆ ಹೋಗುವುದು. ಕೋರ್ಟು, ಲೆಕ್ಕ ಪರಿಶೋಧನೆ, ಕಾವಲು ಸಂಸ್ಥೆ ಎಲ್ಲ ದುರ್ಬಲವಾದ ಮೇಲೆ ಕಂಪನಿಗಳ ಕೆಲಸ ಹಗುರವಾಗುತ್ತದೆ. ಹತ್ತು ಕಡೆ ಒಪ್ಪಿಗೆ ಪಡೆಯುವ ಬದಲು ಒಬ್ಬರನ್ನು ಹಿಡಿದುಕೊಂಡರೆ ಸಾಕು.

‘ಏನು ಮಾಡಿದರೂ ಅಷ್ಟೇ’ ಎಂಬ ಮಾತಿಗೆ ಚರಿತ್ರೆಯ ಬೆಂಬಲ ಇಲ್ಲ. 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಸ್ಟ್ಯಾಂಡರ್ಡ್ ಆಯಿಲ್ ಎಂಬ ದೈತ್ಯ 34 ತುಂಡಾಯಿತು. ಸೀಸ ಬೆರೆಸಿದ ಪೆಟ್ರೋಲನ್ನು ಉದ್ಯಮ ದಶಕಗಟ್ಟಲೆ ಸಮರ್ಥಿಸಿಕೊಂಡು ಬಂತು. 2021ರ ಜುಲೈನಲ್ಲಿ ಅಲ್ಜೀರಿಯಾ ಅದರ ಮಾರಾಟ ನಿಲ್ಲಿಸುವುದರೊಂದಿಗೆ ವಾಹನಗಳಿಗೆ ಅದನ್ನು ಹಾಕುವುದು ಜಗತ್ತಿನಲ್ಲೇ ಮುಗಿಯಿತು. ತಂಬಾಕು ಕಂಪನಿಗಳ ಹಿತಾಸಕ್ತಿ ಆರೋಗ್ಯ ನೀತಿಗೆ ಕೈಹಾಕದಂತೆ ಸರ್ಕಾರಗಳು ನೋಡಿಕೊಳ್ಳಬೇಕೆಂದು 2005ರಲ್ಲಿ ಜಾರಿಗೆ ಬಂದ ಜಾಗತಿಕ ಒಪ್ಪಂದದಲ್ಲೇ ಬರೆದಿದೆ. ಎಲ್ಲವೂ ನಿಧಾನವಾಗಿ ಆದವು, ಆ ನಡುವೆ ಬಹಳ ಜನ ನರಳಿದರು, ಅದನ್ನೂ ಮುಚ್ಚಿಡಬಾರದು.

ನಿಮ್ಮ ಪಾಡಿಗೆ ನೀವಿರುವ ವಿಷಯಕ್ಕೆ ನನ್ನ ಆಕ್ಷೇಪ ಇಲ್ಲ. ದಿನಕ್ಕೆ ಹತ್ತು ಸಲ ಸುದ್ದಿ ನೋಡಿ ಕುದಿಯುವುದರಿಂದ ಕಂಪನಿಗಳಿಗೆ ಒಂದು ಕೂದಲೂ ಕೊಂಕುವುದಿಲ್ಲ. ಆ ಹೊತ್ತಿನಲ್ಲಿ ಕಾಲು ಭಾಗ ಒಂದೇ ಒಂದು ವಿಷಯಕ್ಕೆ ಕೊಡಿ. ಕರೆಂಟ್ ಇರಲಿ, ಶಾಲೆ ಫೀಸಿರಲಿ, ಬಾಡಿಗೆಯ ನಿಯಮವಿರಲಿ, ನಿಮ್ಮ ಮನೆಗೆ ಜಾಸ್ತಿ ಬಿಸಿ ತಟ್ಟುವುದನ್ನು ಆರಿಸಿಕೊಳ್ಳಿ. ಆ ಕ್ಷೇತ್ರದ ಕರಡು ನಿಯಮ ಎಲ್ಲಿ ಪ್ರಕಟವಾಗುತ್ತದೆ, ಆಕ್ಷೇಪಣೆಗೆ ಕೊನೆಯ ದಿನ ಯಾವುದು ಎಂದು ನೋಡುವುದು ಮೊದಲ ಕೆಲಸ. ಬಳಕೆದಾರರ ಸಂಘ ಇದ್ದರೆ ಸೇರಿ. ಸೇರುವ ಮುಂಚೆ ಅದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಕೇಳಿ. 1993ರಲ್ಲಿ ಅಮೆರಿಕದಲ್ಲಿ ಸೇದುವವರ ಹಕ್ಕಿಗಾಗಿ ಹುಟ್ಟಿದ ರಾಷ್ಟ್ರಮಟ್ಟದ ಒಕ್ಕೂಟವೊಂದಕ್ಕೆ ದುಡ್ಡು ಹಾಕಿದ್ದು ತಂಬಾಕು ಉದ್ಯಮ. ಹೆಸರು ಜನರದ್ದು, ಖರ್ಚು ಕಂಪನಿಯದು.

ಆಕ್ಷೇಪಣೆ ಬರೆಯುವಾಗ ‘ಬಡವರ ಹೊಟ್ಟೆ ಮೇಲೆ ಹೊಡೆಯಬೇಡಿ’ ಎಂದು ಬರೆದರೆ ಯಾರಿಗೂ ಉತ್ತರಿಸುವ ಹಂಗಿಲ್ಲ. ‘ಕರಡಿನ ಇಂಥ ಕಲಂ ಪ್ರಕಾರ ನಿಗದಿತ ಶುಲ್ಕ ಹೀಗೆ ಏರಿದರೆ 40 ಯೂನಿಟ್ ಬಳಸುವ ಮನೆಗೆ ಶೇ 19 ಹೊರೆ ಬೀಳುತ್ತದೆ, ಬಿಲ್ಲಿನ ಪ್ರತಿ ಲಗತ್ತಿಸಿದೆ, ಇದರ ಬದಲು ಬಳಕೆಯ ಹಂತಕ್ಕೆ ತಕ್ಕಂತೆ ಶುಲ್ಕ ಇಡಿ’ ಎಂದು ಬರೆಯಿರಿ. ಇದಕ್ಕೆ ವಕೀಲರು ಬೇಕಿಲ್ಲ, ನಿಮ್ಮಂಥ ಲೆಕ್ಕ ಬಲ್ಲವರು ಸಾಕು. ಅಕ್ಕಪಕ್ಕದ ಮನೆಗಳ ಬಿಲ್ಲುಗಳನ್ನೂ ಸೇರಿಸಿ, ಎಲ್ಲರ ಸಹಿ ಹಾಕಿಸಿ. ವಿಚಾರಣೆಯ ದಿನ ಒಬ್ಬರಾದರೂ ಹೋಗಿ, ಮಧ್ಯಾಹ್ನದ ಮೇಲೂ ಕೂತಿರಿ. ಆಕ್ಷೇಪಣೆಯನ್ನು ದಾಖಲೆಗೆ ಸೇರಿಸಿ ಎಂದು ಬಾಯಿಬಿಟ್ಟು ಕೇಳಿ. ನೂರಕ್ಕೆ ಎಷ್ಟೋ ಸಲ ತಳ್ಳಿಹಾಕುತ್ತಾರೆ, ಅದಕ್ಕೆ ಸಿದ್ಧರಿರಿ. ಆದರೆ ಕಾರಣ ಕೊಡದೆ ತಳ್ಳಿಹಾಕಿದ್ದರೆ, ಮೇಲ್ಮನವಿ ಹಾಕುವವರಿಗೆ ಬೇಕಾಗುವುದು ಅದೇ ಕಾಗದ.